ಒಂದು ಕಾಳಿನಗಲ

ಮಾರ್ಚ್ 3, ಸೋಮವಾರ

ಗಂಡ ಹಗಲೆಲ್ಲ ಮನೆಯಲ್ಲಿದ್ದರೆ ಏನು ಕಷ್ಟ ಎಂದು ಕೇಳುವವರು ಒಂದು ವಾರ ನಮ್ಮ ಮನೆಯಲ್ಲಿದ್ದು ನೋಡಬೇಕು. ಗಡಿಯಾರ ನಿಧಾನವಾಗಿದೆ, ಸರಿಮಾಡುತ್ತೇನೆ ಎಂದು ಬಿಚ್ಚಿದರು. ಈಗ ಅದು ಪೂರ್ತಿ ನಿಂತಿದೆ. ನಲ್ಲಿ ತೊಟ್ಟಿಕ್ಕುತ್ತದೆ ಎಂದು ತಿರುಚಿದರು; ಈಗ ಧಾರೆಯಾಗಿ ಸುರಿಯುತ್ತಿದೆ. ಬೇಡ ಅಂದರೆ ಸಿಡುಕು, ಸುಮ್ಮನಿದ್ದರೆ ‘ನಿನಗೆ ನನ್ನ ಮೇಲೆ ಗಮನವೇ ಇಲ್ಲ’. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರೆ. ಇವರು ಮನೆಯನ್ನೇ ಪರಚುತ್ತಿದ್ದಾರೆ.

ಬರೆದ ಮೇಲೆ ನಾಚಿಕೆಯಾಗುತ್ತದೆ. ಪಾಪ, ಬೇಕೆಂದು ಮಾಡುವುದಲ್ಲ. ಚಳಿಗಾಲ ಶುರುವಾದಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ. ತಲೆಯೊಳಗೆ ಕೂದಲೆಳೆಯಷ್ಟು ದಪ್ಪದ ಒಂದು ರಕ್ತನಾಳ ಕಟ್ಟಿಕೊಂಡಿತ್ತಂತೆ. ಮಾತು ಉಳಿಯಿತು, ಕಾಲು ಉಳಿಯಿತು. ಬಲಗೈ ಮುಕ್ಕಾಲು ಪಾಲು ಉಳಿಯಿತು. ಹಿಡಿತ ಬಂದಿದೆ, ಬೆರಳ ತುದಿಯಲ್ಲಿ ನಡುಕ ಕೂತಿದೆ.

ಬೇರೆ ಯಾರಿಗಾದರೂ ಅಷ್ಟು ಸಾಕಾಗುತ್ತಿತ್ತು. ಇವರು ಕೊಳವೆ ಯಾರ್ಡಿನಲ್ಲಿ ಕ್ರೇನು ನಡೆಸುವವರು. ಮೇಲೆ ಗಾಜಿನ ಗೂಡಿನಲ್ಲಿ ಕೂತು, ಆನೆಯಷ್ಟು ತೂಕದ ಉಕ್ಕಿನ ಕೊಳವೆಯನ್ನು ಎತ್ತಿ, ಕೆಳಗಿರುವವರ ತಲೆಯ ಮೇಲಿಂದ ದಾಟಿಸಿ, ಲಾರಿಯ ಮೇಲೆ ಹೂವಿಟ್ಟ ಹಾಗೆ ಇಡಬೇಕು. ಎತ್ತಿ ಇಳಿಸುವ ಹಿಡಿಕೆ ಬಲಗೈಯದು. ಕಂಪನಿಯ ಡಾಕ್ಟರು, ‘ಬಲ ಬಂದಿದೆ. ನಡುಕದ ಸಂಗತಿ ನಿಮಗೇ ಗೊತ್ತಾಗುತ್ತೆ. ಧೈರ್ಯ ಬಂದ ದಿನ ಹೇಳಿ, ಒಂದ್ಸಲ ಹತ್ತಿಸಿ ನೋಡೋಣ’ ಎಂದಿದ್ದಾರೆ. ಮೇಸ್ತ್ರಿ ಇವರ ಜಾಗವನ್ನು ಬೇರೆಯವರಿಗೆ ಕಾಯಂ ಮಾಡದೆ ಕಾಯುತ್ತಿದ್ದಾರೆ. ಈ ಧೈರ್ಯ ಬಂತೋ ಇಲ್ಲವೋ ಎಂದು ನೋಡುವುದು ಹೇಗೆ, ಅದನ್ನು ಯಾರೂ ಹೇಳಲಿಲ್ಲ.

ಇವತ್ತು ಅಟ್ಟದಿಂದ ಏರ್‌ಗನ್ ಇಳಿಸಿ ಎಣ್ಣೆ ಹಾಕುತ್ತ ಕೂತಿದ್ದರು. ಇನ್ನು ಗಡಿಯಾರದ ಗತಿಯೇ ಕಿಟಕಿಗಳಿಗೂ ಬರುತ್ತದೆ.

ಮಾರ್ಚ್ 4, ಮಂಗಳವಾರ

ಸಂಗತಿ ಏನೆಂದು ಗೊತ್ತಾಯಿತು. ಮೊದಲೆಲ್ಲ ರಜೆಯ ದಿನ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯುತ್ತಿದ್ದರಲ್ಲ, ಆಗ ಐದು ಗುಂಡು ಹೊಡೆದರೆ ಐದೂ ತೂತು ಇಪ್ಪತ್ತು ಮಿಲಿಮೀಟರಿನೊಳಗೆ ಬೀಳುತ್ತಿದ್ದವಂತೆ. “ಬಂದೂಕಿನ ಕುದುರೆ ಎಳೆಯೋ ಬೆರಳು, ಹಿಡಿಕೆ ಹಿಡಿಯೋ ಬೆರಳು ಎರಡೂ ಒಂದೇ. ಮತ್ತೆ ಇಪ್ಪತ್ತರೊಳಗೆ ಬಂದ ದಿನ ಮೇಸ್ತ್ರಿಗೆ ಫೋನ್ ಮಾಡ್ತೀನಿ. ಅಲ್ಲೀವರೆಗೆ ಯಾರೂ ನನ್ನನ್ನ ಏನೂ ಕೇಳಬೇಡಿ” ಅಂದರು. ಕೇಳುವ ‘ಯಾರೂ’ ಎಂದರೆ ಮನೆಯಲ್ಲಿ ನಾನೊಬ್ಬಳೇ.

ನಮ್ಮ ಮನೆ ರೈಲು ಬೋಗಿಯ ಹಾಗೆ. ಬೀದಿ ಬಾಗಿಲಿಂದ ಒಂದರ ಹಿಂದೊಂದು ಕೋಣೆ, ಕೊನೆಯಲ್ಲಿ ಸಾಮಾನು ತುಂಬುವ ಕೋಣೆ. ಎಲ್ಲ ಬಾಗಿಲು ತೆರೆದಿಟ್ಟರೆ ಕ್ಲಬ್ಬಿನಲ್ಲಿರುವಷ್ಟೇ ದೂರ ಸಿಗುತ್ತದೆ. ಕೊನೆಯ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರ ತುಂಬ ನಾನು ಕೆಲಸ ಮಾಡುವ ಪರದೆ ಅಂಗಡಿಯಿಂದ ತಂದ ಚಿಂದಿ, ಮುಂದೆ ಗುರಿಯ ಹಾಳೆ. ಗುಂಡು ಚಿಂದಿಯೊಳಗೆ ಹೋಗಿ ಸುಮ್ಮನಾಗುತ್ತದೆ. ತಕರಾರು ಒಂದೇ, ದಾರಿಯ ಪಕ್ಕ ಅಡುಗೆಮನೆ. ಇವರು ಗುರಿ ಹಿಡಿದಿರುವಷ್ಟು ಹೊತ್ತು ನಾನು ಒಲೆಯ ಮುಂದೆ ಬಂದಿ. ‘ಬರ್ಲಾ?’ ಎಂದು ಕೂಗಬೇಕು, ‘ಬಾ’ ಎನ್ನುವವರೆಗೆ ಹೊಸ್ತಿಲು ದಾಟಬಾರದು.

ಗುಂಡು ಎಂದರೆ ದೊಡ್ಡ ಮಾತಾಯಿತು. ಸೊಂಟ ಕಟ್ಟಿದ ಸೀಸದ ಒಂದು ಕಾಳು. ನಾವು ಕಾಳೆಂದೇ ಕರೆಯುವುದು. ಫೋನಿನಲ್ಲಿ ನನ್ನ ತಮ್ಮನಿಗೆ ‘ನಿಮ್ಮ ಭಾವ ಬೆಳಿಗ್ಗೆಯಿಂದ ಕಾಳು ಹಾಕ್ತಾ ಕೂತಿದ್ದಾರೆ’ ಎಂದೆ. “ಈ ವಯಸ್ಸಲ್ಲಿ ಯಾರಿಗಕ್ಕಾ?” ಎಂದ ಕತ್ತೆ.

ಇವತ್ತಿನ ಐದರಲ್ಲಿ ಒಂದು ಹಾಳೆಗೇ ತಾಗಲಿಲ್ಲ.

ಮಾರ್ಚ್ 8, ಶನಿವಾರ

ತಮ್ಮ ಬಂದಿದ್ದ. ಬರಿಗೈಯಲ್ಲಿ ಬರುವವನಲ್ಲ, ಯಾರಿಗೂ ಬೇಡದ್ದನ್ನು ಹಿಡಿದು ಬರುವವನು. ಈ ಸಲ ಮಾತ್ರ ಬೇಕಾದ್ದನ್ನೇ ತಂದಿದ್ದಾನೆ. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಗೇಜು. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಅದರ ಒಂದು ತುದಿಗೆ ಒಂದು ಹಲ್ಲು, ಇನ್ನೊಂದು ಹಲ್ಲು ಪಟ್ಟಿಯ ಮೇಲೆ ಜಾರುತ್ತದೆ. ಐದು ತೂತುಗಳಲ್ಲಿ ಅತಿ ದೂರದ ಎರಡನ್ನು ಹುಡುಕಿ, ಎರಡು ಹಲ್ಲನ್ನೂ ಅವುಗಳ ಹೊರಗಂಚಿಗೆ ತಾಗಿಸಿ, ಗೆರೆ ಓದುವುದು. ಕೈ ಎಷ್ಟು ಅಲ್ಲಾಡಿತು ಎಂಬುದು ಅಲ್ಲಿ ಬರೆದಿರುತ್ತದೆ.

“ಭಾವಾ, ಇದು ಎಷ್ಟು ಸಲೀಸು ನೋಡಿ” ಎಂದು ತಮ್ಮ ಕೊಡಲು ಹೋದರೆ ಇವರು ಕೈ ಹಿಂದಕ್ಕೆ ಎಳೆದುಕೊಂಡರು. ಆ ಸಣ್ಣ ಹಲ್ಲನ್ನು ತೂತಿನ ಅಂಚಿಗೆ ನಿಲ್ಲಿಸುವುದು ಇವರ ಕೈಗೆ ಆಗದು, ಅದು ನನಗೂ ಗೊತ್ತು. ಮಾತು ತೇಲಿಸಿಬಿಟ್ಟರು. “ಹೊಡೆದವನು ಅಳೀಬಾರದು. ಕ್ಲಬ್ಬಲ್ಲೂ ಅದೇ ಪದ್ಧತಿ. ನಿಮ್ಮಕ್ಕ ಅಳೀಲಿ, ಅವಳ ಕಸುಬೇ ಅದು.”

ಅದೇನೋ ನಿಜ. ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ನಾನು.

“ಅಂಚಿಂದ ಅಂಚಿಗೆ ಹಿಡಿದ ಮೇಲೆ ಒಂದು ಕಾಳಿನಗಲ ಕಳೀಬೇಕು. ನಾಲ್ಕೂವರೆ ಮಿಲಿಮೀಟರು” ಎಂದು ಇವರು ಹೇಳಿಕೊಟ್ಟರು. ಯಾಕೆಂದರೆ ಎರಡೂ ಕಡೆ ಅರ್ಧರ್ಧ ಕಾಳು ಹೆಚ್ಚಿಗೆ ಸೇರಿರುತ್ತದಂತೆ. ಕ್ಲಬ್ಬಿನಲ್ಲಿ ಅಡಿಪಟ್ಟಿ ಇಟ್ಟು ಅಳೆದು ಹಾಗೇ ಕಳೆಯುತ್ತಿದ್ದರು. ನನಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಕಿಟಕಿ ಅಳೆದ ಮೇಲೆ ಮಡಿಕೆಗೆ ಕೂಡು, ಹಳೆ ಪರದೆ ಅಳೆದರೆ ಮಡಿಕೆ ಕಳೆ: ನನ್ನ ಅರ್ಧ ಆಯುಸ್ಸು ಇದರಲ್ಲೇ ಕಳೆದಿದೆ. ಕೂಡದೆ ಕಳೆಯದೆ ಬರಿಯ ಅಳತೆಯನ್ನು ನಂಬಿದವರು ಮೊಣಕಾಲಿಗೇ ಮುಗಿಯುವ ಪರದೆ ಕಟ್ಟಿಕೊಳ್ಳುತ್ತಾರೆ.

ಇವತ್ತಿನ ಲೆಕ್ಕ: ಕಳೆದ ಮೇಲೆ ನಲವತ್ತೊಂದು.

ಮಾರ್ಚ್ 13, ಗುರುವಾರ

ನಲವತ್ಮೂರು. ಇವರು ಊಟ ಮಾಡಲಿಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತು ತಪ್ಪೆಲ್ಲ ಬಂದೂಕಿನದಾಯಿತು. ಅದರ ತುದಿಯಲ್ಲಿರುವ, ಗುರಿ ನೋಡುವ ಮುಳ್ಳು ಓರೆಯಾಗಿದೆಯಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂಬುದು ನಾಲಿಗೆ ತುದಿಗೆ ಬಂತು. ಅದರ ಬದಲು, “ಕೊಡಿ ಇಲ್ಲಿ, ನಾನೇ ನೋಡ್ತೀನಿ. ನಾನು ಹೊಡೆದರೂ ಓರೆ ಹೋದರೆ ಅದರದ್ದೇ ತಪ್ಪು” ಎಂದೆ. ಎಂಥ ಬುದ್ಧಿವಂತಿಕೆ! ನಾನು ಹೊಡೆದರೆ ಓರೆ ಹೋಗದೆ ಇನ್ನೆಲ್ಲಿ ಹೋಗುತ್ತದೆ?

ಮೊದಲ ಕಾಳು ಬಾಗಿಲ ಚೌಕಟ್ಟಿಗೆ. ಎರಡನೆಯದು ಎಲ್ಲಿ ಹೋಯಿತೋ ಆ ದೇವರೇ ಬಲ್ಲ. ಮೂರನೆಯದಕ್ಕೆ ಹಾಳೆ ಹರಿಯಿತು. ಇವರು ಗೋಡೆ ಹಿಡಿದು ನಕ್ಕರು. ಚಳಿಗಾಲದಿಂದ ಈಚೆಗೆ ಇವರು ಹೀಗೆ ನಕ್ಕದ್ದು ಇದೇ ಮೊದಲು. ಆಮೇಲೆ ಹಿಂದೆ ಬಂದು ನಿಂತು, “ಉಸಿರು ಕಟ್ಟಬೇಡ. ಅರ್ಧ ಬಿಡು, ಅರ್ಧ ಇಟ್ಕೋ. ಕುದುರೇನ ಎಳೀಬೇಡ, ಒತ್ತು. ಯಾವಾಗ ಸಿಡೀತು ಅಂತ ನಿನಗೇ ಆಶ್ಚರ್ಯ ಆಗಬೇಕು” ಎಂದರು. ನನಗೆ ಇದೆಲ್ಲ ಯಾಕೆ ಎಂದುಕೊಂಡೇ ಮಿಕ್ಕ ಎರಡನ್ನು ಹೊಡೆದೆ. ಅವು ಹಾಳೆಯಲ್ಲಿ ಬಿದ್ದವು.

ಬಂದೂಕು ಸರಿಯಾಗಿಯೇ ಇದೆ.

ಮಾರ್ಚ್ 20, ಗುರುವಾರ

ಮೂವತ್ತೊಂದು. ಮೂವತ್ತೊಂದು! ನಲ್ಲಿಯೂ ನಿಂತಿದೆ. (ಅದನ್ನು ನಿಲ್ಲಿಸಿದವನು ಕೊಳಾಯಿ ರಿಪೇರಿಯವನು. ಆದರೂ.)

ಮಾರ್ಚ್ 27, ಗುರುವಾರ

ಅಂಗಡಿಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಗೇಜು ನನ್ನ ಚೀಲದಲ್ಲಿರುತ್ತದೆ. ಇವರು ಬೆಳಿಗ್ಗೆ ಹೊಡೆದ ಹಾಳೆ ಮನೆಯಲ್ಲಿ ನನಗಾಗಿ ಕಾದಿರುತ್ತದೆ. ಯಾವಾಗ ಹೋದೇನು, ಅಳೆದೇನು ಎಂದು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಅಂಗಡಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತೇನೆ. ಕೆಲಸವಿಲ್ಲದಾಗ ಗುಂಡಿಯ ತೂತು, ಸೂಜಿಯ ಡಬ್ಬಿ, ಬಿಸ್ಕತ್ತು, ಎಲ್ಲದಕ್ಕೂ ಗೇಜು ಹಿಡಿದದ್ದಾಯಿತು. “ಏನ್ರೀ, ನನ್ನ ಮೂಗಿಗೂ ಹಿಡೀತೀರಾ?” ಎಂದು ಅಂಗಡಿಯಮ್ಮ ಕೇಳಿದರು.

ಇವರು ಕೆಲಸಕ್ಕೆ ಹೋದರೆ ಸಾಕಪ್ಪ. ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ಬಾಗಿಲು ಹಾಕಿ, ಖಾಲಿ ಮನೆಯಲ್ಲಿ ಒಂದು ಲೋಟ ಚಹಾ ಹಿಡಿದು ಒಬ್ಬಳೇ ಕೂರಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಸದ್ಯಕ್ಕೆ ಇಲ್ಲ. ಅದನ್ನು ಯಾರ ಮುಂದೆ ಹೇಳಿದರೂ ‘ಗಂಡ ಬದುಕಿ ಬಂದಿದ್ದಕ್ಕೆ ಸಂತೋಷಪಡಮ್ಮ’ ಅನ್ನುತ್ತಾರೆ. ಸಂತೋಷವೇ. ಆದರೆ ಸಂತೋಷ ದಿನವಿಡೀ ಹೆಗಲ ಹಿಂದೆ ನಿಂತು ‘ಉಪ್ಪು ಹಾಕಿದ್ಯಾ?’ ಎಂದು ಕೇಳಬಾರದು.

ಇವತ್ತು ಇಪ್ಪತ್ತೈದು. ಅಳೆದಾದ ಮೇಲೆ ನಾನೂ ಐದು ಹೊಡೆದೆ. ನನ್ನದು ಐವತ್ತು ಚಿಲ್ಲರೆ. ಎಡಗಾಲನ್ನು ಸ್ವಲ್ಪ ಮುಂದಿಟ್ಟರೆ ಇನ್ನೂ ಚೆನ್ನಾಗಿ ಬರುತ್ತದೆ ಅನ್ನಿಸುತ್ತದೆ.

ಏಪ್ರಿಲ್ 2, ಬುಧವಾರ

ನಿಂತುಕೊಂಡೇ ಬರೆಯುತ್ತಿದ್ದೇನೆ, ಕೂರಲು ಆಗುತ್ತಿಲ್ಲ. ಗೇಜು ಇಪ್ಪತ್ಮೂರೂವರೆ ತೋರಿಸಿತು. ನಾಲ್ಕೂವರೆ ಕಳೆದೆ. ಹತ್ತೊಂಬತ್ತು!

ತಪ್ಪಿದ್ದೀತೆಂದು ಮತ್ತೊಮ್ಮೆ ಹಿಡಿದೆ. ಅಷ್ಟೇ ಬಂತು. ಇವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಲೆಕ್ಕ ಹೇಳಿದೆ. ಬಲಗೈಯನ್ನು ಕಣ್ಣೆದುರು ಹಿಡಿದುಕೊಂಡು, ಬಹಳ ದಿನಕ್ಕೆ ಊರಿಂದ ಬಂದ ನೆಂಟನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಮೇಸ್ತ್ರಿಗೆ ಫೋನು.

ಮೇಸ್ತ್ರಿಯ ಗಂಟಲು ದೊಡ್ಡದು, ನನಗೂ ಕೇಳಿಸಿತು. “ನೀವು ಸರಿ ಇದೀನಿ ಅಂದ್ರೆ ಸರೀನೇ ಬಿಡಿ. ನಿಮ್ಮ ಮಾತಿನ ಮೇಲೆ ನಾನು ಎರಡನೇ ಮಾತು ಆಡಲ್ಲ. ಮುಂದಿನ ಗುರುವಾರ ಬನ್ನಿ, ಹುಡುಗರೆಲ್ಲ ಕಾಯ್ತಿದಾರೆ.”

ಗುರುವಾರ, ಹತ್ತನೇ ತಾರೀಕು. ಕೆಲಸದ ಅಂಗಿಗಳನ್ನೆಲ್ಲ ಒಗೆದು ಹಾಕಿದೆ.

ಏಪ್ರಿಲ್ 5, ಶನಿವಾರ

ಬರೆಯಬಾರದು ಅನ್ನಿಸುತ್ತದೆ. ಬರೆದರೆ ಅದು ಆದ ಹಾಗೆಯೇ.

ಇವರು ಗುರುವಾರಕ್ಕೆಂದು ಕ್ಷೌರಕ್ಕೆ ಹೋಗಿದ್ದರು. ಮನೆ ಖಾಲಿ. ನಾನು ಅಷ್ಟು ದಿನ ಬಯಸಿದ ಖಾಲಿ ಮನೆ, ಕೈಯಲ್ಲಿ ಚಹಾ. ಎರಡು ಗುಟುಕು ಕುಡಿದು ಎದ್ದುಬಿಟ್ಟೆ. ಬಂದೂಕು ಗೋಡೆಗೆ ಒರಗಿತ್ತು. ಒಂದೇ ಒಂದು ಹೊಡೆಯೋಣ ಎಂದು ಹೊಸ ಹಾಳೆ ಹಾಕಿ, ಎಡಗಾಲು ಮುಂದಿಟ್ಟು, ಅರ್ಧ ಉಸಿರು ಬಿಟ್ಟು ಒತ್ತಿದೆ. ಸಿಡಿದದ್ದು ನನಗೇ ಆಶ್ಚರ್ಯ. ಹೋಗಿ ನೋಡಿದರೆ ತೂತು ಕಪ್ಪು ಚುಕ್ಕೆಯ ನಟ್ಟನಡುವೆ! ಮನೆಯಲ್ಲಿ ಯಾರೂ ಇಲ್ಲವಲ್ಲ, ಒಂದು ಸುತ್ತು ಕುಣಿದೆ ಕೂಡ.

ಒಂದು ತೂತನ್ನು ಯಾರೂ ಅಳೆಯುವುದಿಲ್ಲ. ಅಳೆಯುವುದಕ್ಕೆ ಎರಡಾದರೂ ಬೇಕು. ಆದರೆ ಕೈಗೆ ಗೇಜಿನ ಚಟ ಹತ್ತಿದೆ. ಈ ಕಡೆಗೊಂದು ಹಲ್ಲು, ಆ ಕಡೆಗೊಂದು ಹಲ್ಲು ಹಿಡಿದೆ. ಗೆರೆ ಓದಿದೆ. ಸೊನ್ನೆ.

ಅಭ್ಯಾಸಬಲದಿಂದ ನಾಲ್ಕೂವರೆ ಕಳೆದೆ. ಸೊನ್ನೆಗಿಂತ ನಾಲ್ಕೂವರೆ ಕಡಿಮೆ! ಅಂಥ ಗುರಿಯನ್ನು ಯಾವ ಶೂರ ಹೊಡೆದಿದ್ದಾನೆ ಎಂದು ನಗು ಬಂತು. ನಗು ಅರ್ಧಕ್ಕೇ ನಿಂತಿತು. ತೂತು ಕಣ್ಣೆದುರಿಗೇ ಇದೆ, ಅದಕ್ಕೆ ಒಂದು ಕಾಳಿನಗಲ ಇದ್ದೇ ಇದೆ. ಹಲ್ಲುಗಳ ನಡುವೆಯೂ ಅಷ್ಟೇ ಸಂದು ಇದೆ. ಹಾಗಿದ್ದರೂ ಗೇಜು ಸೊನ್ನೆ ಅನ್ನುತ್ತಿದೆ. ಅಂದರೆ ಗೇಜು ಮಾಡಿದವನು ನನಗಿಂತ ಜಾಣ. ಕಳೆಯಬೇಕಾದ ಕಾಳನ್ನು ತಾನೇ ಕಳೆದು ಗೆರೆ ಎಳೆದಿದ್ದಾನೆ. ನಾನು ಅದರ ಮೇಲೆ ದಿನವೂ ಇನ್ನೊಂದು ಕಾಳು ಕಳೆಯುತ್ತ ಬಂದಿದ್ದೇನೆ.

ಇವರು ಜೋಪಾನವಾಗಿ ಗೋಡೆಗೆ ಅಂಟಿಸಿದ್ದ ಬುಧವಾರದ ಹಾಳೆಯನ್ನು ಮತ್ತೆ ಅಳೆದೆ. ಇಪ್ಪತ್ಮೂರೂವರೆ. ಅದೇ ಅದರ ಅಳತೆ. ಹತ್ತೊಂಬತ್ತು ಎನ್ನುವುದು ಎಲ್ಲಿಯೂ ಇರಲಿಲ್ಲ, ನನ್ನ ಬಾಯಲ್ಲಿ ಮಾತ್ರ ಇತ್ತು.

ಇವರು ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದು, “ಹೇಗಿದೀನಿ?” ಎಂದರು. ಚೆನ್ನಾಗಿದೀರಿ ಎಂದೆ.

ಏಪ್ರಿಲ್ 6, ಭಾನುವಾರ

ತಮ್ಮ ಬಂದು ಊಟ ಮಾಡಿ ಹೋದ. “ನೋಡಿದ್ಯಾ ಅಕ್ಕಾ, ನಾನು ತಂದ ಗೇಜಿನ ಮಹಿಮೆ! ಭಾವನ್ನ ಡಾಕ್ಟರಿಗಿಂತ ಮೊದಲು ಅದೇ ವಾಸಿ ಮಾಡ್ತು” ಎಂದು ಕೊಚ್ಚಿಕೊಂಡ. ಇವರು ಅವನ ಬೆನ್ನು ತಟ್ಟಿದರು. ಬಲಗೈಯಲ್ಲಿ. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಒಂದು ಕಾಳಿನಗಲ. ಅಷ್ಟೇ ತಾನೆ? ನಲವತ್ಮೂರರಿಂದ ಇಳಿದದ್ದು ಸುಳ್ಳಲ್ಲ, ತಪ್ಪು ಎಲ್ಲ ದಿನವೂ ಒಂದೇ ಇತ್ತಲ್ಲ. ಕೈ ನಿಜಕ್ಕೂ ಸುಧಾರಿಸಿದೆ. ಇನ್ನು ಸ್ವಲ್ಪವೇ ಬಾಕಿ. ಅದೂ ಮೇಲೆ ಹತ್ತಿ ಕೂತ ಮೇಲೆ ತಾನಾಗಿ ಬರಬಹುದು. ನೀರಿಗಿಳಿಯದೆ ಈಜು ಬರುತ್ತದೆಯೇ? ಹೀಗೆ ಅಳೆದೂ ಸುರಿದೂ ಮಧ್ಯಾಹ್ನ ಕಳೆಯಿತು. ನನ್ನ ಒಂದೊಂದು ವಾದವೂ ಇವರನ್ನು ಗುರುವಾರ ಮನೆಯಿಂದ ಹೊರಗೆ ಕಳಿಸುವುದಕ್ಕೇ ಹುಟ್ಟಿದ್ದು, ಅದು ನನಗೆ ಗೊತ್ತಾಗುವುದಿಲ್ಲ ಎಂದಲ್ಲ.

ಏಪ್ರಿಲ್ 7, ಸೋಮವಾರ

ಅಂಗಡಿಯಲ್ಲಿ ಯಾರದೋ ಮಲಗುವ ಕೋಣೆಯ ಪರದೆಯೊಂದನ್ನು ಮಡಿಕೆಗೆ ಬಿಡದೆ ಕತ್ತರಿಸಿಬಿಟ್ಟೆ. ಅಂಗಡಿಯಮ್ಮ ಎತ್ತಿ ಹಿಡಿದು, “ಯಾಕ್ರೀ, ಕಿಟಕಿ ಏನಾದ್ರೂ ಕುಗ್ಗಿತಾ?” ಎಂದರು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು. ಅವರು ಹೆದರಿ, ಮನೆಗೆ ಹೋಗಿ ಎಂದರು.

ಮನೆಗೆ ಹೋಗಲಿಲ್ಲ. ಕಾಲು ಯಾರ್ಡಿನ ಕಡೆ ನಡೆಯಿತು.

ಎಷ್ಟು ವರ್ಷದಿಂದ ಇವರ ಬುತ್ತಿ ಕಟ್ಟಿದ್ದೇನೆ. ಆದರೆ ಗೇಟಿನಿಂದ ಒಳಗೆ ಹೋಗಿ ತಲೆಯೆತ್ತಿ ನೋಡಿದ್ದು ಇವತ್ತೇ. ಇವರ ಜಾಗದಲ್ಲಿ ಸದ್ಯಕ್ಕೆ ಯಾರೋ ಕೂತಿದ್ದರು. ಮೇಲೆ ಒಂದು ಉದ್ದನೆಯ ಕೊಳವೆ ಸರಪಳಿಯಲ್ಲಿ ತೂಗುತ್ತ ಬರುತ್ತಿತ್ತು, ಅದರ ನೆರಳು ನೆಲದ ಮೇಲೆ. ನೆರಳಿನೊಳಗೆ ಜನ ನಡೆದಾಡುತ್ತಿದ್ದರು. ಒಬ್ಬ ಲಾರಿಯ ಮೇಲೆ ನಿಂತು ಕೊಳವೆಯ ತುದಿಗೆ ಕೈ ಚಾಚುತ್ತಿದ್ದ, ರೈಲಿನಿಂದ ಇಳಿಯುವ ಮಗುವನ್ನು ಎತ್ತಿಕೊಳ್ಳುವವನ ಹಾಗೆ.

ಮೇಸ್ತ್ರಿ ನನ್ನನ್ನು ಕಂಡು ಓಡಿಬಂದರು. ಗುರುವಾರದ ಮಾತೇ ಮಾತು. ನಾನು ಏನೂ ತಿಳಿಯದವಳ ಹಾಗೆ ಕೇಳಿದೆ: “ಮೇಲಿದ್ದವರ ಕೈ ಒಂಚೂರು ನಡುಗಿದ್ರೆ ಇಲ್ಲಿ ಏನಾಗುತ್ತೆ?”

“ಅಲ್ಲಿ ಬೆರಳಗಲ ಆಚೀಚೆ ಆದ್ರೆ ಇಲ್ಲಿ ಕೊಳವೆ ತುದಿ ಒಂದು ಮಾರು ಬೀಸುತ್ತೆ ಅಮ್ಮಾ” ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ಆಮೇಲೆ ನಕ್ಕರು. “ನಿಮ್ಮ ಯಜಮಾನರಿದ್ದಾಗ ನಾವು ಮೇಲೆ ನೋಡೋದೇ ಇಲ್ಲ. ಈಗ ನೋಡಿ, ಎಲ್ಲರ ಕುತ್ತಿಗೆ ನೋವು.”

ದಾರಿಯುದ್ದಕ್ಕೂ ಅವರು ಅಗಲಿಸಿದ ಕೈಗಳೇ ಕಣ್ಣ ಮುಂದೆ.

ಏಪ್ರಿಲ್ 8, ಮಂಗಳವಾರ

ಹೇಳಿಬಿಟ್ಟೆ.

ಬೆಳಗಿನ ತಿಂಡಿ ಆಗಿತ್ತು. ಇವರು ಕೆಲಸದ ಬೂಟಿಗೆ ಪಾಲಿಷ್ ಹಾಕುತ್ತ ಕೂತಿದ್ದರು. “ಅಳತೆ ತಪ್ಪಿದೆ ರೀ” ಎಂದೆ. ಯಾವ ಅಳತೆ ಎಂದರು, ತಲೆಯೆತ್ತದೆ. ಮಾತಿನಲ್ಲಿ ಹೇಳಲು ಹೋದರೆ ನನ್ನ ಬಾಯಿ ತಡವರಿಸಿತು. ಆ ಒಂಟಿ ತೂತಿನ ಹಾಳೆಯನ್ನೂ ಗೇಜನ್ನೂ ತಂದು ಇವರ ಮುಂದೆ ಇಟ್ಟು, ಎರಡು ಹಲ್ಲನ್ನೂ ತಾಗಿಸಿ ಹಿಡಿದೆ. “ಓದಿ” ಎಂದೆ.

ಓದಿದರು. ಲೆಕ್ಕದಲ್ಲಿ ಇವರು ನನಗಿಂತ ಚುರುಕು. ಕಣ್ಣು ಗೋಡೆಯ ಮೇಲಿದ್ದ ಬುಧವಾರದ ಹಾಳೆಗೆ ಹೋಯಿತು, ವಾಪಸ್ಸು ಬಂತು.

“ಕಳೀ ಅಂತ ಹೇಳಿದ್ದು ನಾನೇ” ಎಂದರು.

“ಅಡಿಪಟ್ಟಿಗೆ ಅದು ಸರಿ. ಇದರಲ್ಲಿ ಮೊದಲೇ ಕಳೆದಿದೆ. ನಾನಾದರೂ ನೋಡಬೇಕಿತ್ತು.”

“ಯಾವತ್ತು ಗೊತ್ತಾಯ್ತು?”

“ಶನಿವಾರ.”

“ಇವತ್ತು ಮಂಗಳವಾರ.”

ಬೂಟನ್ನು ಕೆಳಗಿಟ್ಟರು. “ನಿನಗೆ ನಾನು ಮನೇಲಿರೋದು ಬೇಡ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಹೌದೋ ಅಲ್ವೋ?”

ಅಲ್ಲ ಎಂದು ಹೇಳಿದ್ದರೆ ಎಷ್ಟು ಸುಲಭವಿತ್ತು. “ಹೌದು” ಎಂದೆ. “ಹುಚ್ಚು ಹಿಡಿಯೋ ಹಾಗಾಗಿದೆ ನನಗೆ. ನೀವು ಹೋದ್ರೆ ಸಾಕು ಅನ್ನಿಸಿತ್ತು. ನಿನ್ನೆ ಯಾರ್ಡಿಗೆ ಹೋಗಿ ಆ ಕೊಳವೆ ಕೆಳಗೆ ಓಡಾಡೋರನ್ನ ನೋಡಿದೆ. ಆಮೇಲೆ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ಲ.”

ಕೂಗಾಡುತ್ತಾರೆ ಎಂದುಕೊಂಡೆ. ಗಡಿಯಾರಕ್ಕೂ ನಲ್ಲಿಗೂ ಕೂಗಾಡಿದವರು. ಇವರು ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಿಂದ ಮುಚ್ಚಿಕೊಂಡರು. ಕೇಳಿದರು: “ಒಂದು ಮಾತು ಹೇಳು. ಗುರುವಾರ ನಾನು ಮೇಲೆ ಕೂತಿದ್ರೆ, ನೀನು ಕೆಳಗೆ ನಿಂತ್ಕೋತೀಯಾ?”

ನನ್ನ ಗಂಡ. ಇಷ್ಟು ವರ್ಷ ಇವರ ಹಿಂದೆ ಕಣ್ಣುಮುಚ್ಚಿ ನಡೆದಿದ್ದೇನೆ. ಬಾಯಿಗೆ ಸುಳ್ಳು ಬರಲಿಲ್ಲ.

“ಇಲ್ಲ ರೀ” ಎಂದೆ.

ತಲೆಯಾಡಿಸಿದರು. ಇನ್ನೊಂದು ಬೂಟನ್ನು ಎತ್ತಿಕೊಂಡು ಪಾಲಿಷ್ ಹಾಕಿದರು.

ಏಪ್ರಿಲ್ 9, ಬುಧವಾರ

ಮಾತಿಲ್ಲ. ಬೆಳಿಗ್ಗೆಯಿಂದ ಹೊಡೆದದ್ದೇ ಹೊಡೆದದ್ದು. ಅಡುಗೆಮನೆಯಿಂದ ‘ಬರ್ಲಾ?’ ಎಂದು ಕೂಗಿದರೆ, ಬಾ ಎನ್ನುವ ಬದಲು ಬಂದೂಕನ್ನು ಗೋಡೆಗೆ ಒರಗಿಸಿದ ಸದ್ದು. ಹಾಳೆಗಳನ್ನು ಅಳೆಯಲು ಕೊಡಲಿಲ್ಲ, ತಾವೂ ಅಳೆಯಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡರು.

ಸಂಜೆ ಮಾತ್ರ ಒಂದು ಮಾತು: “ನೀಲಿ ಅಂಗಿ ಇಸ್ತ್ರಿ ಆಗಿದ್ಯಾ?”

ಹೋಗುತ್ತಾರೆ, ಹಾಗಾದರೆ. ಮೇಸ್ತ್ರಿಗೆ ನಾನೇ ಹೇಳಿಬಿಡಲೇ? ನಂಬರು ಒತ್ತುವುದು, ಅಳಿಸುವುದು. ಇವರ ಬೆನ್ನ ಹಿಂದೆ ಹೇಳಿದರೆ ಇವರು ಈ ಜನ್ಮದಲ್ಲಿ ತಲೆಯೆತ್ತುವುದಿಲ್ಲ. ಹೇಳದೆ ಇದ್ದು, ಲಾರಿಯ ಮೇಲೆ ಕೈ ಚಾಚಿ ನಿಂತವನಿಗೆ ಏನಾದರೂ ಆದರೆ ತಲೆಯೆತ್ತಲಾರದವಳು ನಾನು. ಅಂಗಿಗೆ ಇಸ್ತ್ರಿ ಹಾಕಿದೆ. ತೋಳಿನ ಮೇಲೆ ಸುಟ್ಟ ಕಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಬುತ್ತಿ ತೆಗೆದುಕೊಂಡರು. ಹೋಗಿ ಬರ್ತೀನಿ ಎನ್ನಲಿಲ್ಲ. ಬೂಟಿನ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿತು. ಮನೆ ಖಾಲಿಯಾಯಿತು, ಚಹಾ ಮಾಡಿಕೊಳ್ಳಲೂ ಮನಸ್ಸಾಗಲಿಲ್ಲ. ಅಂಗಡಿಗೆ ಹೋದೆ. ಕತ್ತರಿ ಹಿಡಿಯುವ ಧೈರ್ಯ ಬರಲಿಲ್ಲ, ಉಂಗುರಗಳನ್ನು ಪೋಣಿಸುತ್ತ ನಿಂತೆ. ಬೀದಿಯಲ್ಲಿ ಯಾರು ಓಡಿದರೂ ನಮ್ಮ ಮನೆಯ ಸುದ್ದಿ ತಂದರೇನೋ ಎಂದು ಬಾಗಿಲಿಗೆ ಬಂದು ನೋಡುತ್ತಿದ್ದೆ. ಊಟದ ಹೊತ್ತಿಗೆ ಅಂಗಡಿಯಮ್ಮನಿಗೆ ಹೇಳಿ ಮನೆಗೆ ಬಂದು, ಬೀದಿ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ನಿಂತೆ. ಎರಡು ಸಲ ತಿರುವಿನವರೆಗೆ ಹೋಗಿ ಬಂದೆ.

ಆಮೇಲೆ ಬಂದರು. ನಡೆದೇ ಬಂದರು. ಎಡಗೈಯಲ್ಲಿ ಬುತ್ತಿ, ಬಲಗೈಯ ಕಂಕುಳಲ್ಲಿ ಒಂದು ದಿಂಬು. ಹತ್ತಿರ ಬಂದಾಗ ಗುರುತು ಸಿಕ್ಕಿತು. ಕ್ರೇನಿನ ಕುರ್ಚಿ ಒತ್ತುತ್ತದೆ ಎಂದು, ಮಿಕ್ಕ ಪರದೆ ಬಟ್ಟೆಯಲ್ಲಿ ನಾನೇ ಯಾವುದೋ ಕಾಲದಲ್ಲಿ ಹೊಲಿದುಕೊಟ್ಟದ್ದು. ಹಾಸುಗಲ್ಲಿನ ಹಾಗೆ ಚಪ್ಪಟೆಯಾಗಿತ್ತು. ಅದು ಮನೆಗೆ ಬಂದಿದೆ ಎಂದ ಮೇಲೆ ಕೇಳುವುದು ಏನಿತ್ತು? ಆದರೂ ಕೇಳಿದೆ.

“ಹತ್ತಿದ್ರಾ?”

“ಹತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು.”

ಹೊಸ್ತಿಲಾಚೆಯೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನೂ ಜಾಗ ಬಿಡಲಿಲ್ಲ.

“ಕೊಳವೆ ಸಿಕ್ಕಿಸಿದ್ರು. ಹಿಡಿಕೆ ಮೇಲೆ ಕೈ ಇಟ್ಟೆ. ಎತ್ತೋಕೆ ಮೊದಲು ಕೆಳಗೆ ನೋಡಿದೆ. ಎಲ್ಲರೂ ಅಲ್ಲೇ ನಿಂತಿದ್ರು ಕಣೇ. ಒಬ್ಬನಾದ್ರೂ ಪಕ್ಕಕ್ಕೆ ಸರಿದಿದ್ರೆ ನಾನು ಎತ್ತಿಬಿಡ್ತಿದ್ದೆನೋ ಏನೋ. ಒಬ್ಬನೂ ಸರೀಲಿಲ್ಲ. ಮೇಸ್ತ್ರಿ ನನಗೆ ಬೆನ್ನು ಹಾಕಿ, ಸರಿಯಾಗಿ ಕೊಂಡಿ ಕೆಳಗೇ ನಿಂತು ಚಹಾ ಕುಡೀತಿದ್ರು.”

“ಆಮೇಲೆ?”

“ಇಳಿದು ಬಂದೆ.”

ದಿಂಬನ್ನು ಇಸಿದುಕೊಂಡೆ. ಒಳಗೆ ಬಂದು ಬುತ್ತಿ ಬಿಚ್ಚಿದೆವು, ಮುಟ್ಟಿಯೇ ಇರಲಿಲ್ಲ. ಇಬ್ಬರೂ ಅದನ್ನೇ ಹಂಚಿಕೊಂಡು ಉಂಡೆವು. ಉಣ್ಣುತ್ತ ಉಣ್ಣುತ್ತ ಇವರಿಗೆ ಅಳು ಬಂತು, ನನಗೂ ಬಂತು. ನಾನು ಅಂಗಡಿಗೆ ವಾಪಸ್ಸು ಹೋಗಬೇಕಿತ್ತು. ಹೋಗಲಿಲ್ಲ, ಇವರ ಪಕ್ಕದಲ್ಲೇ ಕೂತಿದ್ದೆ.